ನಲವತ್ತೊಂದು ಬಾವುಟಗಳು: ಏಳನೆಯ ಕಂತು

ಬಾವುಟವನ್ನು ತೊಟ್ಟಿಯ ನೀರಿಗೆ ಅದ್ದಿದ್ದೇ ತಡ, ಅದರ ಹಸಿರು ಬಿಟ್ಟುಹೋಯಿತು. ಹಸಿರಿದ್ದ ಜಾಗದಲ್ಲಿ ಕೆಂಪು ಕಾಣಿಸಿತು.

ವಿಭಾ ಮೌಸ್ ಮೇಲಿಂದ ಕೈ ತೆಗೆದಳು.

“ಇನ್ನೊಂದು ತೊಳೀಮ್ಮ,” ಎಂದಳು ಸಬ್ ಇನ್‌ಸ್ಪೆಕ್ಟರ್ ರುದ್ರಾಣಿ.

ವಿಭಾಳ ಮನೆಯ ಕಂಪ್ಯೂಟರಿನ ಪರದೆಯ ಮೇಲೆ ಚೌಕ ಚೌಕದ ತುಂಡುಗಳನ್ನು ಜೋಡಿಸಿ ಕಟ್ಟಿದ ಒಂದು ನದಿ ಹರಿಯುತ್ತಿತ್ತು. ನಂಜನಗೂಡಿನಿಂದ ತಿ. ನರಸೀಪುರದ ಸಂಗಮದವರೆಗಿನ ಕಪಿಲೆ. ವಿಭಾ ಮತ್ತು ಅವಳ ಗೆಳತಿ ಎರಡು ವರ್ಷ ಕೂತು ಒಂದು ಕಂಪ್ಯೂಟರ್ ಆಟದೊಳಗೆ ಕಟ್ಟಿದ್ದು. ದಂಡೆಯುದ್ದಕ್ಕೂ ನಲವತ್ತೊಂದು ಬಾವುಟಗಳು ನಿಂತಿದ್ದವು. ಅವನ್ನು ನೆಟ್ಟವಳು ಆ ಗೆಳತಿ, ಹೆಮ್ಮಿಗೆಯ ಮಧುಶ್ರೀ. ಕಳೆದ ಮಂಗಳವಾರ ಸಂಜೆ ನಂಜನಗೂಡಿನ ಬಣ್ಣದ ಕಾರ್ಖಾನೆಯಿಂದ ಹೊರಟವಳು ಮನೆ ಸೇರಿರಲಿಲ್ಲ. ಇವತ್ತು ಸೋಮವಾರ.

ವಿಭಾ ಎರಡನೆಯ ಬಾವುಟ ಕಿತ್ತು ತೊಟ್ಟಿಗೆ ಅದ್ದಿದಳು. ಹಸಿರು ಹೋಗಿ ಕಿತ್ತಳೆ ಬಂತು. ಮೂರನೆಯದು ಮತ್ತೆ ಕೆಂಪು.

“ನಂಗೆ ಅರ್ಥ ಆಗೋ ಹಾಗೆ ಹೇಳು. ತೊಳೆದರೆ ಬಣ್ಣ ಯಾಕೆ ಬದಲಾಗುತ್ತೆ?”

“ಆರು ತುಂಡು ಉಣ್ಣೆ, ಒಂದು ಕಡ್ಡಿ ಸೇರಿಸಿದ್ರೆ ಖಾಲಿ ಬ್ಯಾನರ್ ಆಗುತ್ತೆ ಮೇಡಂ. ಅದನ್ನ ಮಗ್ಗಕ್ಕೆ ಹಾಕಿ ಬಣ್ಣ ಕೊಡ್ತೀವಿ. ಒಂದು ಪದರ, ಅದರ ಮೇಲೆ ಇನ್ನೊಂದು, ಹೀಗೆ ಆರರ ತನಕ. ಮೇಲಿನದು ಕೆಳಗಿನದನ್ನ ಮುಚ್ಚಿಬಿಡುತ್ತೆ. ನೀರಿಗೆ ಅದ್ದಿದ್ರೆ ಕೊನೇಲಿ ಹಾಕಿದ ಪದರ ಮಾತ್ರ ಹೋಗುತ್ತೆ.”

“ಅಂದ್ರೆ ಮೊದಲು ಕೆಂಪು ಹಾಕಿ, ಅದೇ ಜಾಗಕ್ಕೆ ಆಮೇಲೆ ಹಸಿರು ಬಳಿದಿದ್ದಾಳೆ.”

“ದಿನಕ್ಕೊಂದರ ಹಾಗೆ ನಲವತ್ತೊಂದು ದಿನ,” ಎಂದಳು ವಿಭಾ. “ನಾನು ಅವಳಿಗೆ ಬೈದಿದ್ದೆ ಮೇಡಂ.”

ವಿಭಾ ತಿ. ನರಸೀಪುರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಬಣ್ಣದ ವಿಷಯದಲ್ಲಿ ಅವಳು ಯಾರನ್ನೂ ಸುಲಭವಾಗಿ ಮೆಚ್ಚುವವಳಲ್ಲ. ಮಧುಶ್ರೀಯನ್ನು ಮೆಚ್ಚಿದ್ದಳು. ಆರೇ ಪದರದಲ್ಲಿ ಮಧುಶ್ರೀ ಮುಸ್ಸಂಜೆಯ ಆಕಾಶ ತೆಗೆಯುತ್ತಿದ್ದಳು, ಹೊಳೆಯಲ್ಲಿ ಮುಳುಗುವ ಸೂರ್ಯನನ್ನು ತೆಗೆಯುತ್ತಿದ್ದಳು. ಆಟದೊಳಗೆ ಕಟ್ಟಿದ ಹೆಮ್ಮಿಗೆಯ ತನ್ನ ಮನೆಗೆ ಕಡುನೀಲಿ ಬಟ್ಟೆಯ ನಡುವೆ ಬಿಳಿ ಹೂವಿಟ್ಟು ತೂಗುಹಾಕಿದ್ದಳು. ಅಂಥವಳು ಒಂದೂವರೆ ತಿಂಗಳಿಂದ ದಿನಾ ಒಂದೇ ಥರದ ಬಾವುಟ ಮಾಡಿದ್ದಳು. ಮೇಲೆ ಬಿಳಿ, ಕೆಳಗೆ ಹಸಿರು. ಅಷ್ಟೇ.

“ಈ ಆಟದಲ್ಲಿ ಹಸಿರು ಸುಮ್ನೆ ಸಿಗಲ್ಲ. ಮರಳುಗಾಡಿನ ತನಕ ಹೋಗಿ ಕಳ್ಳಿ ಕಡಿದು ತಂದು ಒಲೆಯಲ್ಲಿ ಬೇಯಿಸಬೇಕು. ಯಾಕೆ ಇಷ್ಟು ಒದ್ದಾಡ್ತೀಯ, ಇದೇನು ಹಾಲಿನ ಸೊಸೈಟಿ ಬೋರ್ಡಾ ಅಂತ ಕೇಳಿದೆ. ಅವಳು ನಕ್ಕು ಸುಮ್ಮನಾದಳು.”

ರುದ್ರಾಣಿ ಜೇಬಿನಿಂದ ಒಂದು ಪುಟ್ಟ ಕಾಗದದ ಪುಸ್ತಕ ತೆಗೆದಳು. ಬೆಂಕಿಪೊಟ್ಟಣದಷ್ಟೇ ದೊಡ್ಡದು. ಒಳಗೆ ಹಳದಿ ಪಟ್ಟಿಗಳು, ಮುಚ್ಚಳದ ಮೇಲೆ ಬಣ್ಣಗಳ ಸಾಲು. ಹೆಮ್ಮಿಗೆಯ ಮನೆಯಲ್ಲಿ ಮಧುಶ್ರೀಯ ಚೀಲದಲ್ಲಿ ಸಿಕ್ಕಿತ್ತು. ನೀರಿಗೆ ಅದ್ದಿದರೆ ಪಟ್ಟಿ ಬಣ್ಣ ತಿರುಗುತ್ತದೆ. ಹಸಿರಾದರೆ ನೀರು ಸರಿಯಿದೆ. ಕೆಂಪಾದರೆ ಆಮ್ಲ.

ಮುಚ್ಚಳವನ್ನು ಪರದೆಯ ಪಕ್ಕ ಹಿಡಿದಳು. ಅದೇ ಕೆಂಪು, ಅದೇ ಕಿತ್ತಳೆ, ಅದೇ ಹಸಿರು.

ವಿಭಾ ಮುಚ್ಚಳವನ್ನೂ ಪರದೆಯನ್ನೂ ಮತ್ತೊಮ್ಮೆ ಹೋಲಿಸಿ ನೋಡಿದಳು.

ಮಧುಶ್ರೀಗೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಹೊಳೆಗೆ ಬಿಡುವ ನೀರನ್ನು ದಿನಾ ಸಂಜೆ ಪರೀಕ್ಷೆ ಮಾಡುವುದು ಅವಳೇ. ಹೋದ ತಿಂಗಳು ಹೊಳೆಯ ಕೆಳಗಿನ ಊರುಗಳಲ್ಲಿ ಹನ್ನೊಂದು ದನ ಸತ್ತವು, ಮಕ್ಕಳ ಮೈಯಲ್ಲಿ ಬೊಬ್ಬೆ ಎದ್ದವು. ಆಗ ಕಾರ್ಖಾನೆಯವರು ತಮ್ಮ ರಿಜಿಸ್ಟರ್ ತೋರಿಸಿ ಪಾರಾಗಿದ್ದರು. ಒಂದು ದಿನವೂ ನೀರು ಕೆಟ್ಟಿಲ್ಲ ಎಂದು ಅದರಲ್ಲಿತ್ತು. ಆ ರಿಜಿಸ್ಟರನ್ನು ರುದ್ರಾಣಿ ನೋಡಿದ್ದಳು. ಪ್ರತಿ ಪುಟಕ್ಕೂ ಲ್ಯಾಬಿನ ಮುಖ್ಯಸ್ಥ ಕೃಷ್ಣಪ್ರಸಾದರ ಸಹಿ.

“ಮೇಲಿನ ಪದರದ ಹಸಿರು ರಿಜಿಸ್ಟರಿನ ಲೆಕ್ಕ. ಅದರಡಿಯ ಪದರ ಅವಳು ಕಣ್ಣಾರೆ ಕಂಡದ್ದು,” ಎಂದಳು ರುದ್ರಾಣಿ. “ಯಾವ ಬಾವುಟ ಯಾವ ದಿನದ್ದು ಅಂತ ಗೊತ್ತಾಗುತ್ತಾ?”

“ಗೊತ್ತಾಗುತ್ತೆ. ಈ ಆಟ ನಡೆಯೋದೇ ನನ್ನ ಈ ಕಂಪ್ಯೂಟರಿನಿಂದ. ಯಾರು ಯಾವಾಗ ಬಂದ್ರು, ಏನು ನೆಟ್ರು, ಯಾವ ಇಂಟರ್ನೆಟ್ ವಿಳಾಸದಿಂದ ಬಂದ್ರು, ಎಲ್ಲ ಬರ್ಕೊಳ್ಳುತ್ತೆ.”

ಶನಿವಾರ ಬೆಳಿಗ್ಗೆ ನಾಲ್ಕು ಬಾವುಟಗಳು ತಾವಾಗಿ ಕೆಂಪಾಗಿದ್ದವು. ಭಾನುವಾರ ಒಂಬತ್ತು. ಇವತ್ತಿಗೆ, ವಿಭಾ ತೊಳೆದ ಮೂರನ್ನು ಬಿಟ್ಟು, ಹದಿನೇಳು. ಮೂರು ದಿನವೂ ಕಂಪ್ಯೂಟರ್ ಬರೆದುಕೊಂಡ ಹೆಸರು ಮಧುಶ್ರೀಯದು, ವಿಳಾಸ ಮಾತ್ರ ಹೊಸದು. ಹೆದರಿದ ವಿಭಾ ಶನಿವಾರವೇ ಸ್ಟೇಷನ್ನಿಗೆ ಹೋಗಿ ರುದ್ರಾಣಿಗೆ ಆ ವಿಳಾಸ ಕೊಟ್ಟಿದ್ದಳು.

“ಅವಳ ಹೆಸರಲ್ಲಿ ಬೇರೆ ಯಾರೋ ಬಂದು ಹಾಳು ಮಾಡ್ತಿದ್ದಾರೆ ಅಂದ್ಕೊಂಡಿದ್ದೆ,” ಎಂದಳು.

“ಹಸಿರಿನ ಕೆಳಗೆ ಏನಿದೆ ಅಂತ ಯಾರಿಗೆ ಗೊತ್ತಿತ್ತು?”

“ನಂಗೇ ಗೊತ್ತಿರಲಿಲ್ಲ. ಹಾಕಿದವಳಿಗೆ...” ವಿಭಾ ಪರದೆಯತ್ತ ನೋಡಿದಳು. ಕಣ್ಣು ತುಂಬಿ ಬಂತು. “ಹಾಗಾದ್ರೆ ತೊಳೀತಿರೋದು ಮಧುನೇ.”

“ಮಾತು ಟೈಪ್ ಮಾಡಿ ಹೇಳಬಹುದಿತ್ತಲ್ಲ?”

“ಟೈಪ್ ಮಾಡಿದ್ದು ಆಟದಲ್ಲಿರೋ ಎಲ್ರಿಗೂ ಕಾಣುತ್ತೆ ಮೇಡಂ. ಅವಳ ಕಾರ್ಖಾನೆಯವರೇ ಮೂರು ಜನ ಇದ್ದಾರೆ ಇಲ್ಲಿ.”

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಹೆಡ್ ಕಾನ್ಸ್‌ಟೇಬಲ್ ನಾಗೇಂದ್ರ ಏದುಸಿರು ಬಿಡುತ್ತಾ ಬಂದ.

“ಮೇಡಂ, ಇಂಟರ್ನೆಟ್ ಕಂಪ್ನಿಯೋರು ಉತ್ರ ಕಳ್ಸವ್ರೆ. ಒಂಬತ್ತು ಗಂಟ್ಗೇ ಸ್ಟೇಷನ್ ಮೇಲ್‌ಗೆ ಬಂದಿತ್ತಂತೆ, ನಂಗೆ ಈಗ ಕಳ್ಸುದ್ರು.” ಫೋನ್ ಮುಂದೆ ಹಿಡಿದ. “ಆ ವಿಳಾಸ ನಂಜನಗೂಡಿನ ಒಂದು ಮನೇದು. ಕನೆಕ್ಷನ್ ಇರೋದು ಕೃಷ್ಣಪ್ರಸಾದ್ ಅನ್ನೋರ ಎಸ್ರಲ್ಲಿ.”

ರುದ್ರಾಣಿ ಟೋಪಿ ಕೈಗೆತ್ತಿಕೊಂಡಳು.

ಜೀಪು ಊರು ದಾಟುವಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಮಧುಶ್ರೀಯ ತಂದೆ ನಾಗಯ್ಯ. ಆರು ದಿನದಿಂದ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತಪ್ಪದೆ ಮಾಡುತ್ತಿದ್ದ.

“ಅಮ್ಮೋರೆ, ಏನಾರ ತಿಳೀತಾ?”

“ನೋಡ್ತಿದ್ದೀವಿ ನಾಗಯ್ಯ.”

“ಅದ್ನೇ ದಿನಾಲೂ ಏಳ್ತೀರಿ.” ಅವನ ದನಿಯಲ್ಲಿ ಕೋಪವಿರಲಿಲ್ಲ. “ಅವ್ರವ್ವ ಮೂರ್ ದಿಸದಿಂದ ಅನ್ನ ಮುಟ್ಟಿಲ್ಲ. ಗೋಡೆ ಕಡೀಕ್ ಮುಖ ಮಾಡ್ಕಂಡ್ ಮಲಗವ್ಳೆ. ಒಂದೇ ಮಾತು ಏಳ್ಬುಡಿ. ನಮ್ ಮಗ್ಳು ಬದುಕವ್ಳಾ, ಇಲ್ವಾ?”

ಹದಿನಾರು ವರ್ಷದ ನೌಕರಿಯಲ್ಲಿ ಇಂಥ ಪ್ರಶ್ನೆಗೆ ರುದ್ರಾಣಿ ನೇರವಾಗಿ ಉತ್ತರ ಕೊಟ್ಟವಳಲ್ಲ. ಕಿಟಕಿಯಾಚೆ ಭತ್ತದ ಗದ್ದೆಗಳು ಹಿಂದಕ್ಕೆ ಓಡುತ್ತಿದ್ದವು.

“ಬದುಕಿದ್ದಾಳೆ,” ಎಂದಳು. “ಅವಳಮ್ಮಂಗೆ ಎದ್ದು ಊಟ ಮಾಡೋಕೆ ಹೇಳಿ.”

ಆ ಕಡೆಯಿಂದ ಬಿಕ್ಕುವ ಸದ್ದು ಕೇಳಿಸಿತು, ಫೋನ್ ಇಟ್ಟ ಸದ್ದು ಕೇಳಿಸಿತು.

ಜೀಪು ಓಡಿಸುತ್ತಿದ್ದ ನಾಗೇಂದ್ರ ಅವಳತ್ತ ಒಮ್ಮೆ ನೋಡಿ ಮತ್ತೆ ರಸ್ತೆಯತ್ತ ತಿರುಗಿದ.

ನಂಜನಗೂಡಿಗೆ ಇನ್ನು ಹತ್ತು ಕಿಲೋಮೀಟರ್ ಇರುವಾಗ ವಿಭಾ ಫೋನ್ ಮಾಡಿದಳು. ದನಿ ಪಿಸುಗುಡುತ್ತಿತ್ತು, ಯಾರೋ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಾರೆ ಎನ್ನುವಂತೆ.

“ಮೇಡಂ, ಮಧು ಬಂದಿದ್ದಾಳೆ. ಆಟದೊಳಗೆ. ತೊಟ್ಟಿ ಹತ್ರ ನಿಂತು ತೊಳೀತಿದ್ದಾಳೆ. ನಾನು ಪಕ್ಕದಲ್ಲೇ ನಿಂತಿದ್ದೀನಿ. ಏನಾದ್ರೂ ಬರೀಲಾ?”

“ಬೇಡ. ಸುಮ್ನೆ ನಿಂತಿರು. ವಿಳಾಸ ನೋಡು.”

“ನೋಡಿದೆ. ಆ ಮನೆದೇ.” ವಿಭಾ ಎಣಿಸತೊಡಗಿದಳು. “ಹದಿನೆಂಟು ಆಯ್ತು. ಹತ್ತೊಂಬತ್ತನೇದು ಕಿತ್ತಳು. ತೊಟ್ಟಿ ಕಡೆ ತಿರುಗಿದಳು.”

ರುದ್ರಾಣಿ ಫೋನನ್ನು ಕಿವಿಗೆ ಒತ್ತಿಕೊಂಡಳು.

“ವಿಭಾ?”

“ನಿಂತುಬಿಟ್ಟಳು ಮೇಡಂ. ಬ್ಯಾನರ್ ಕೈಯಲ್ಲೇ ಇದೆ. ಅಲ್ಲಾಡ್ತಾನೇ ಇಲ್ಲ.”

ರುದ್ರಾಣಿ ಗಡಿಯಾರ ನೋಡಿದಳು. ಹನ್ನೆರಡು ಗಂಟೆ ಎಂಟು ನಿಮಿಷ.

“ನಾಗೇಂದ್ರ, ಇನ್ನೂ ಬೇಗ.”

ದೇವಸ್ಥಾನದ ಹಿಂದಿನ ಬೀದಿಯಲ್ಲಿ ಮಹಡಿಯಿದ್ದ ಹಳೆಯ ಮನೆ. ನಾಗೇಂದ್ರ ಹಿತ್ತಿಲ ಬಾಗಿಲಿಗೆ ಹೋದ. ರುದ್ರಾಣಿ ಮುಂಬಾಗಿಲು ತಟ್ಟಿದಳು. ತೆರೆದವರು ಕೃಷ್ಣಪ್ರಸಾದರೇ. ಐವತ್ತರ ಆಸುಪಾಸು, ಹಣೆಯಲ್ಲಿ ಬೆವರು, ಹೆಗಲಲ್ಲಿ ಇನ್ನೂ ಇಳಿಸದ ಚೀಲ.

“ಈಗ ತಾನೇ ಮೈಸೂರಿಂದ ಬಂದೆ,” ಎಂದರು, ಯಾರೂ ಕೇಳದಿದ್ದರೂ.

“ಮನೇಲಿ ಯಾರ್ಯಾರಿದ್ದೀರಿ?”

“ನಾನು, ನಮ್ಮ ತಾಯಿ. ಅಡುಗೆಮನೇಲಿದ್ದಾರೆ.”

ಅವರು ನಿಂತದ್ದು ಮಹಡಿಯ ಮೆಟ್ಟಿಲಿಗೆ ಅಡ್ಡವಾಗಿ. ರುದ್ರಾಣಿ ಅದನ್ನು ಗಮನಿಸಿದಳು. ಹುಡುಗಿ ಮೇಲಿದ್ದರೆ ಜೊತೆಗೆ ಇನ್ಯಾರಿದ್ದಾರೋ, ಅವರ ಕೈಯಲ್ಲಿ ಏನಿದೆಯೋ. ಒಂದು ಕೂಗು ಸಾಕು, ಏನು ಬೇಕಾದರೂ ಆಗಬಹುದು. ದನಿ ತಗ್ಗಿಸಿಯೇ ಮಾತಾಡಿದಳು.

“ಮಧುಶ್ರೀ ವಿಚಾರ.”

“ಕಾರ್ಖಾನೇಲೇ ಹೇಳಿಕೆ ಕೊಟ್ಟಿದ್ದೀನಲ್ಲ. ಮಂಗಳವಾರ ಆರು ಗಂಟೆಗೆ ಡ್ಯೂಟಿ ಮುಗಿಸಿ ಹೋದಳು. ಆಮೇಲಿನದು ನಂಗೆ ಗೊತ್ತಿಲ್ಲ.”

“ಅವಳು ಆಡ್ತಿದ್ದ ಒಂದು ಆಟ ಇದೆ. ಗೊತ್ತಾ?”

“ಆಟನಾ? ಇಲ್ಲ.”

ರುದ್ರಾಣಿ ತನ್ನ ಫೋನಿನಲ್ಲಿ ಒಂದು ಚಿತ್ರ ತೆರೆದು ಅವರ ಮುಂದೆ ಹಿಡಿದಳು. ಆಟದೊಳಗಿನ ಒಂದು ಬಾವುಟ. ಮೇಲೆ ಬಿಳಿ, ಕೆಳಗೆ ಹಸಿರು.

“ಇದರಲ್ಲಿ ಅವಳು ಕಾರ್ಖಾನೆ ವಿಷಯ ಏನೋ ಬರೆದಿಟ್ಟಿದ್ದಾಳಂತೆ.”

ಕೃಷ್ಣಪ್ರಸಾದ್ ಕನ್ನಡಕ ಸರಿಮಾಡಿಕೊಂಡು ನೋಡಿದರು. ಅವರ ಭುಜ ಸ್ವಲ್ಪ ಸಡಿಲವಾಯಿತು.

“ಹಸಿರು. ಎಲ್ಲ ಸರಿಯಾಗೇ ಇದೆಯಲ್ಲ.”

“ಹಸಿರು ಅಂದ್ರೆ ಸರಿ ಅಂತ ನಾನು ಹೇಳಲಿಲ್ಲ,” ಎಂದಳು ರುದ್ರಾಣಿ.

ಅವಳು ಎರಡನೆಯ ಚಿತ್ರ ತೆರೆದಳು. ಅದೇ ಬಾವುಟ, ತೊಳೆದ ಮೇಲಿನದು. ಕೃಷ್ಣಪ್ರಸಾದರ ಮುಖದ ಬಣ್ಣ ಇಳಿಯಿತು. ಚೀಲ ಹೆಗಲಿನಿಂದ ಜಾರಿ ನೆಲಕ್ಕೆ ಬಿತ್ತು.

“ಇದು ಎಷ್ಟನೇ ತಾರೀಕಿಂದು?” ಎಂದು ಕೇಳಿದರು, ತೀರಾ ಮೆಲ್ಲಗೆ.

“ದನ ಸತ್ತ ದಿನದ್ದು. ಇಂಥವು ನಲವತ್ತೊಂದು ಇವೆ.”

“ಬರೆದಿಟ್ಟಿದ್ದೆಲ್ಲ ನಾನೇ ಹರಿದು ಹಾಕಿಸಿದ್ದೆ. ಪಟ್ಟಿಗಳನ್ನೂ ಸುಟ್ಟಿದ್ದೆ. ಅವಳ ಹತ್ರ ಏನೂ ಉಳಿದಿಲ್ಲ ಅಂದ್ಕೊಂಡಿದ್ದೆ.” ಅವರು ಮೆಟ್ಟಿಲ ಮೇಲೆ ಕುಸಿದು ಕೂತರು. “ದಿನಾ ಸಂಜೆ ಕೆಂಪಾದ ಪಟ್ಟಿ ತಂದು ನನ್ನ ಮೇಜಿನ ಮೇಲಿಡ್ತಿದ್ದಳು. ನಾನು ರಿಜಿಸ್ಟರಲ್ಲಿ ಸರಿಯಿದೆ ಅಂತ ಬರೀತಿದ್ದೆ. ಅವಳು ನಿಂತು ನೋಡ್ತಿದ್ದಳು. ನಾನು ಅವಳ ಮುಖ ನೋಡೋದೇ ಬಿಟ್ಟಿದ್ದೆ.”

“ಅದಕ್ಕೆ ಅವಳನ್ನ ತಂದು ಕೂಡಿಹಾಕಿದ್ರಾ?”

“ಕೂಡಿಹಾಕಿಲ್ಲ.” ತಲೆಯೆತ್ತಿದರು. “ಮಂಗಳವಾರ ಅವಳು ಗೇಟು ದಾಟೋ ಹೊತ್ತಿಗೆ ಇಬ್ಬರು ಬೈಕಲ್ಲಿ ಕಾಯ್ತಿದ್ರು. ಫೋನ್ ಕಿತ್ಕೊಂಡ್ರು. ಕೈ ಹಿಡಿದು ಎಳೆಯೋ ಹೊತ್ತಿಗೆ ನನ್ನ ಕಾರು ಹಿಂದೆಯೇ ಬಂತು. ಅವಳು ಬಾಗಿಲು ತೆಗೆದು ಒಳಗೆ ಕೂತಳು. ನಾನು ಓಡಿಸಿದೆ, ಅಷ್ಟೇ. ಸೀದಾ ಮನೆಗೆ ಕರ್ಕೊಂಡು ಬಂದೆ.”

“ಆರು ದಿನ. ಅವಳ ತಾಯಿ ಅನ್ನ ಬಿಟ್ಟಿದ್ದಾರೆ. ಒಂದು ಫೋನ್ ಮಾಡೋಕೆ ಆಗಲಿಲ್ವಾ?”

“ಯಾರಿಗೆ ಮಾಡ್ಲಿ? ಬೈಕಲ್ಲಿ ಬಂದವರು ಯಾರ ಕಡೆಯವರು, ಅವರ ಬೆನ್ನಿಗೆ ಯಾರಿದ್ದಾರೆ, ನಂಗೆ ಗೊತ್ತಿಲ್ಲ. ಹೆಮ್ಮಿಗೆಗೆ ಸುದ್ದಿ ಹೋದ್ರೆ ಆ ದಿನವೇ ಊರೆಲ್ಲ ತಿಳಿಯುತ್ತೆ. ಅದಕ್ಕೇ ಇವತ್ತು ಮೈಸೂರಿಗೆ ಹೋಗಿ ವಕೀಲರನ್ನ ಕಂಡು ಬಂದೆ. ನಾಳೆ ನಾನೂ ಅವಳೂ ಕೋರ್ಟಿನ ಮುಂದೆ ಹೋಗೋದು ಅಂತ ತೀರ್ಮಾನ ಆಗಿದೆ. ನಾನು ಬರೆದ ಸುಳ್ಳನ್ನ ನಾನೇ ಹೇಳ್ಬೇಕು.”

ಆ ಮಾತು ನಿಜವಿರಬಹುದು ಎಂದು ರುದ್ರಾಣಿಗೆ ಅನ್ನಿಸಿತು. ಸುಳ್ಳು ಹೇಳುವವನು ಹೀಗೆ ತನ್ನ ತಪ್ಪನ್ನು ಮೊದಲು ಮುಂದಿಡುವುದಿಲ್ಲ.

“ಎಲ್ಲಿದ್ದಾಳೆ?”

“ಮೇಲೆ. ನನ್ನ ಹಳೇ ಲ್ಯಾಪ್‌ಟಾಪ್ ಕೇಳಿದಳು, ಹೊತ್ತು ಹೋಗಲ್ಲ ಅಂತ. ಕೊಟ್ಟಿದ್ದೆ.”

ರುದ್ರಾಣಿ ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು. ಕೋಣೆಯ ಬಾಗಿಲು ತೆರೆದೇ ಇತ್ತು.

ಒಳಗೆ ಯಾರೂ ಇರಲಿಲ್ಲ.

ಚಾಪೆಯ ಮೇಲೆ ತಟ್ಟೆ, ಅದರಲ್ಲಿ ಅರ್ಧ ತಿಂದ ಉಪ್ಪಿಟ್ಟು. ಪಕ್ಕದಲ್ಲಿ ಮಡಿಸಿಟ್ಟ ದುಪ್ಪಟ್ಟಾ. ಕಿಟಕಿಯ ಕೆಳಗಿನ ಮೇಜಿನ ಮೇಲೆ ಲ್ಯಾಪ್‌ಟಾಪ್ ಹೊತ್ತಿಕೊಂಡಿತ್ತು. ಪರದೆಯಲ್ಲಿ ಚೌಕ ತುಂಡುಗಳ ನದಿ, ನೀರಿನ ತೊಟ್ಟಿ, ಕೈಯಲ್ಲಿ ಹತ್ತೊಂಬತ್ತನೆಯ ಬಾವುಟ. ಎದುರಿಗೆ ವಿಭಾಳ ಗೊಂಬೆ ಅಲುಗಾಡದೆ ಕಾಯುತ್ತಾ ನಿಂತಿತ್ತು.

“ಮಧುಶ್ರೀ,” ಎಂದು ಕೂಗಿದರು ಕೃಷ್ಣಪ್ರಸಾದ್. ತಾರಸಿಯ ಬಾಗಿಲು ತೆರೆದು ನೋಡಿದರು. ಮಂಚದ ಕೆಳಗೆ ಬಗ್ಗಿ ನೋಡಿದರು. ಅವರ ಗಾಬರಿ ನಟನೆಯಾಗಿರಲಿಲ್ಲ.

ಮೆಟ್ಟಿಲ ಬುಡದಿಂದ ಅವರ ತಾಯಿ ಭಾಗೀರಥಮ್ಮನವರ ದನಿ ಕೇಳಿತು. “ಯಾರನ್ನೋ ಹುಡುಕ್ತಿದ್ದೀಯ ಪ್ರಸಾದು?”

“ಮಧುಶ್ರೀ ಎಲ್ಲಮ್ಮ?”

“ಆಗಲೇ ಕರ್ಕೊಂಡು ಹೋದರಲ್ಲೋ.” ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ರುದ್ರಾಣಿಯ ಖಾಕಿ ಕಂಡು ನಿಂತರು. “ನಿಮ್ಮವರೇ ತಾಯಿ. ಒಬ್ಬ ಬಂದಿದ್ದ, ಇದೇ ಬಟ್ಟೆ. ರುದ್ರಾಣಿ ಮೇಡಂ ಕಳಿಸಿದ್ದಾರೆ, ಹುಡುಗೀನ ಅಪ್ಪ ಅಮ್ಮನ ಹತ್ರ ಬಿಡಬೇಕು ಅಂದ. ಅವಳು ಪಾಪ ಅಪ್ಪನ ಹೆಸರು ಕೇಳಿದ್ದೇ ತಿಂತಿದ್ದ ತಟ್ಟೆ ಬಿಟ್ಟು ಎದ್ದಳು. ಚಪ್ಪಲಿ ಕೂಡ ಹಾಕ್ಕೊಳ್ಳಲಿಲ್ಲ.”

“ಎಷ್ಟು ಹೊತ್ತಾಯ್ತು?”

“ಸಾರಿಗೆ ಒಗ್ಗರಣೆ ಹಾಕೋ ಮುಂಚೆ. ಕಾಲು ಗಂಟೆ ಆಗಿರಬಹುದು.”

ರುದ್ರಾಣಿ ಯಾರನ್ನೂ ಕಳಿಸಿರಲಿಲ್ಲ.

ಹಿತ್ತಿಲಿನಿಂದ ಮೇಲೆ ಬಂದಿದ್ದ ನಾಗೇಂದ್ರ ಎಲ್ಲ ಕೇಳಿಸಿಕೊಂಡಿದ್ದ. “ಯಾವನೋ ಯೂನಿಫಾರಂ ಒಲಿಸ್ಕಂಡು ವೇಸ ಆಕ್ಕಂಡ್ ಬಂದಿರ್ಬೇಕು ಮೇಡಂ. ಕಾರ್ಖಾನೆಯೋರ್ದೇ ಕೆಲ್ಸ.”

ಇರಬಹುದು ಎಂದು ರುದ್ರಾಣಿ ಹೇಳಬೇಕೆನ್ನುವಷ್ಟರಲ್ಲಿ ಮೇಜಿನ ಮೇಲಿನ ಪರದೆ ಕಪ್ಪಾಯಿತು. ನದಿ ಹೋಯಿತು, ಬಾವುಟ ಹೋಯಿತು. ನಡುವೆ ಇಂಗ್ಲಿಷಿನಲ್ಲಿ ಒಂದೇ ಸಾಲು ಮೂಡಿತು. ಇದೇ ಹೆಸರಿನವರು ಬೇರೊಂದು ಕಡೆಯಿಂದ ಆಟದೊಳಗೆ ಬಂದಿದ್ದಾರೆ, ಹಾಗಾಗಿ ನಿಮ್ಮನ್ನು ಹೊರಗೆ ಹಾಕಲಾಗಿದೆ.

ಅದರ ಬೆನ್ನಿಗೇ ವಿಭಾಳ ಫೋನ್.

“ಮೇಡಂ, ಮಧು ಓಡಾಡ್ತಿದ್ದಾಳೆ. ಆದರೆ ತೊಳೀತಿಲ್ಲ. ಕಿತ್ತು ಕಿತ್ತು ಬೆಂಕಿಗೆ ಹಾಕ್ತಿದ್ದಾಳೆ. ಕೆಂಪಾದವನ್ನೆಲ್ಲ. ಎಂಟು ಹೋಯ್ತು. ಒಂಬತ್ತು.” ವಿಭಾ ಅಳುತ್ತಿದ್ದಳು. “ಇದು ಮಧು ಅಲ್ಲ ಮೇಡಂ. ಅವಳು ತಾನು ಮಾಡಿದ್ದನ್ನ ಸುಡಲ್ಲ.”

ಮಂಗಳವಾರ ಬೈಕಿನವರು ಕಿತ್ತುಕೊಂಡ ಫೋನ್. ಅದರಲ್ಲೂ ಈ ಆಟ ಇರಬೇಕು.

“ವಿಭಾ, ಆಟ ನಿಲ್ಲಿಸು. ಗೋಡೆಯಿಂದ ವೈರ್ ಕಿತ್ತುಬಿಡು.”

ಆ ಕಡೆ ಕುರ್ಚಿ ಉರುಳಿದ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಏದುಸಿರು.

“ಕಿತ್ತೆ. ಮೂವತ್ತು ಉಳಿದಿವೆ.”

“ಸಾಕು. ಕಂಪ್ಯೂಟರ್ ತಗೊಂಡು ಪಕ್ಕದ ಮನೆಗೆ ಹೋಗು. ಬಾಗಿಲು ಹಾಕ್ಕೋ. ವಿಳಾಸ ನೋಡಿದ್ಯಾ?”

“ನೋಡಿದೆ. ಅದನ್ನೇ ಹೇಳ್ಬೇಕು ಅಂತಿದ್ದೆ.” ವಿಭಾಳ ದನಿ ಇಳಿಯಿತು. “ಆ ವಿಳಾಸ ಹೊಸದಲ್ಲ ಮೇಡಂ. ನನ್ನ ಪಟ್ಟೀಲಿ ಒಂದು ಸಲ ಮೊದಲೇ ಬಂದಿದೆ. ಶನಿವಾರ ಸಂಜೆ ನಿಮಗೆ ತೋರಿಸೋಕೆ ಅಂತ ನಾನು ಸ್ಟೇಷನ್ನಿಗೆ ಬಂದು, ನಿಮ್ಮ ಮೇಜಿನ ಕಂಪ್ಯೂಟರಲ್ಲೇ ಆಟ ತೆರೆದಿದ್ದೆನಲ್ಲ. ಅದು ನಿಮ್ಮ ಸ್ಟೇಷನ್ನಿನ ಇಂಟರ್ನೆಟ್ ವಿಳಾಸ.”

ಹಾಗಾದರೆ ಕಿತ್ತುಕೊಂಡ ಫೋನ್ ಇರುವುದು ಸ್ಟೇಷನ್ನಿನೊಳಗೇ, ಒಂಬತ್ತು ಗಂಟೆಗೆ ಆ ಮೇಲ್ ಓದಿದವರ ಕೈಯಲ್ಲಿ. ಫೋನ್ ಕಿವಿಯಿಂದ ಇಳಿಯಿತು. ಹೊರಗೆ ಬೀದಿಯಲ್ಲಿ ಯಾರೋ ಸೊಪ್ಪು ಮಾರುತ್ತಾ ಹೋದರು.

“ಮೇಡಂ, ತಡ ಮಾಡೋದ್ ಬ್ಯಾಡ.” ನಾಗೇಂದ್ರ ಆಗಲೇ ತನ್ನ ಫೋನಿನಲ್ಲಿ ನಂಬರ್ ಒತ್ತಿ ಕಿವಿಗಿಟ್ಟುಕೊಂಡಿದ್ದ. “ಸ್ಟೇಷನ್ನಿಗೆ ಏಳಿ ಎಲ್ಲಾ ರೋಡ್ಗೂ ನಾಕಾಬಂದಿ ಆಕಿಸ್ತೀನಿ. ರಿಂಗ್ ಆಯ್ತಾ ಅದೆ.”

ಆ ಕಡೆ ಯಾರೋ ಫೋನೆತ್ತಿ ಹಲೋ ಎಂದರು.